ಹೂವಿನ ಮರವೂ ಹಿಟ್ಟಿನ ಕೋಳಿಯೂ

ಕಥೆಯಿಲ್ಲದ ಮನೆಯಿಲ್ಲ. ಮಗುವಿಗೆ ತುತ್ತು ಉಣಿಸುವಾಗ, ನಿದ್ರೆಗೆ ಕರೆಯುವಾಗ, ಅತ್ತಾಗ ಸಂತೈಸುವಾಗ ಹಿರಿಯರ ಬಾಯಿಗೆ ಕಥೆಯೇ ಬರುತ್ತದೆ. ಆದುದರಿಂದಲೇ ಜೈನ ಆಚಾರ್ಯರು ಕಥೆಯನ್ನು ಕೇವಲ ವಿನೋದವೆಂದು ಬಗೆಯಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ತ್ಯಜಿಸಬೇಕಾದ ಅನರ್ಥದಂಡಗಳನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ 'ದುಃಶ್ರುತಿ'ಯನ್ನೂ ಒಂದಾಗಿ ಎಣಿಸಿದ್ದಾರೆ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ನಿಷ್ಪ್ರಯೋಜನವಾಗಿ ಕೇಳುವುದೂ ಒಂದು ದಂಡವೇ, ಅಂದರೆ ಆತ್ಮಕ್ಕೆ ತಾನೇ ಕೊಟ್ಟುಕೊಳ್ಳುವ ಪೆಟ್ಟೇ, ಎಂಬುದು ಇದರ ತಾತ್ಪರ್ಯ. ಆಚಾರ್ಯರ ಕಾಲದಲ್ಲಿ ಕಥೆ ಕಿವಿಯ ಮೂಲಕ ಮನಸ್ಸಿಗೆ ಇಳಿಯುತ್ತಿತ್ತು. ಇಂದು ಅದು ಕಣ್ಣಿನ ಮೂಲಕ, ದೂರದರ್ಶನದ ಪೆಟ್ಟಿಗೆಯಿಂದಲೂ ಕೈಯಲ್ಲಿ ಹಿಡಿದ ಮೊಬೈಲಿನಿಂದಲೂ ಇಳಿಯುತ್ತಿದೆ. ದಾರಿ ಬದಲಾಗಿದೆ, ಇಳಿಯುವ ಸ್ಥಳ ಮಾತ್ರ ಅದೇ.

ಇತ್ತೀಚಿನ ದಶಕಗಳಲ್ಲಿ ದೃಶ್ಯಮಾಧ್ಯಮದವರಿಗೆ ಹೊಸದೊಂದು ಅಭಿರುಚಿ ಹುಟ್ಟಿದೆ. ತಲೆಮಾರುಗಳಿಂದ ಮಕ್ಕಳು ಕೇಳಿ ಬೆಳೆದ ಅದ್ಭುತ ಕಥೆಗಳನ್ನು ಎತ್ತಿಕೊಂಡು, ಅವುಗಳಿಗೆ ಕತ್ತಲೆಯನ್ನೂ ರಕ್ತವನ್ನೂ ನಿರಾಶೆಯನ್ನೂ ಬೆರೆಸಿ, ದೊಡ್ಡವರಿಗೆಂದು ಮತ್ತೆ ಕಟ್ಟುವುದೇ ಆ ಅಭಿರುಚಿ. ದೊಡ್ಡವರಿಗೆಂದು ಮಾಡಿದ್ದನ್ನು ಮಕ್ಕಳು ನೋಡದೆ ಬಿಡುವುದಿಲ್ಲ. ಕಥೆಯ ಹೆಸರು ಅವರಿಗೆ ಪರಿಚಿತವಾದುದರಿಂದ ತಡೆಯುವವರಿಗೂ ಸಂದೇಹ ಬರುವುದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆಗಳ ಶ್ರಾವಕ ಕುಟುಂಬಗಳಲ್ಲಿಯೂ ಅಂಗಡಿಯ ಬಾಗಿಲು ಹಾಕಿ ಮನೆಗೆ ಬಂದ ತಂದೆ, ಅಡುಗೆಯನ್ನು ಹೊತ್ತು ಮುಳುಗುವ ಮೊದಲೇ ಮುಗಿಸಿದ ತಾಯಿ, ಶಾಲೆಯ ಪಾಠ ಮುಗಿಸಿದ ಮಕ್ಕಳು ಒಂದೇ ಪರದೆಯ ಎದುರು ಕೂರುವುದು ಸಾಮಾನ್ಯ. ಇಂತಹ ಕಥಾಂತರಗಳನ್ನು ಪೂರ್ಣವಾಗಿ ನಿಷೇಧಿಸಬೇಕೆ, ಇಲ್ಲವೆ ಕಾಲಧರ್ಮವೆಂದು ಸುಮ್ಮನಿರಬೇಕೆ? ಎರಡೂ ಸುಲಭದ ಮಾರ್ಗಗಳು. ಮೂರನೆಯದು ಪರೀಕ್ಷೆಯ ಮಾರ್ಗ. ಚಿನ್ನವನ್ನು ಒರೆಗೆ ಹಚ್ಚದೆ ಕೊಳ್ಳದ ವರ್ತಕ ಸಮಾಜವು ಕಥೆಯನ್ನು ಮಾತ್ರ ಒರೆಗೆ ಹಚ್ಚದೆ ಮನೆಯೊಳಗೆ ಬಿಟ್ಟುಕೊಳ್ಳುವುದು ಉಚಿತವಲ್ಲ.

ಪರೀಕ್ಷೆಗೆ ಕನ್ನಡ ನಾಡಿನದೇ ಒಂದು ಉತ್ತಮ ಉದಾಹರಣೆಯಿದೆ. ಅದು ಹೂವಿನ ಮರವಾಗುವ ಹುಡುಗಿಯ ಕಥೆ. ಎ. ಕೆ. ರಾಮಾನುಜನ್ (1929–1993) ಅವರು ಕನ್ನಡ ನಾಡಿನ ಹೆಂಗಸರ ಬಾಯಿಂದ ಸಂಗ್ರಹಿಸಿದ ಜನಪದ ಕಥೆಗಳಲ್ಲಿ ಇದು ಪ್ರಸಿದ್ಧವಾದುದು. ಅವರ ನಿಧನಾನಂತರ 1997ರಲ್ಲಿ ಪ್ರಕಟವಾದ ಇಂಗ್ಲಿಷ್ ಕಥಾಸಂಕಲನಕ್ಕೆ ಇದರ ಹೆಸರೇ ಶೀರ್ಷಿಕೆಯಾಯಿತು. ಇದೇ ಕಥೆಯನ್ನು ಆಧರಿಸಿ ಗಿರೀಶ ಕಾರ್ನಾಡರು 1992ರಲ್ಲಿ ಹಿಂದೀ ಭಾಷೆಯಲ್ಲಿ 'ಚೆಲುವಿ' ಎಂಬ ಚಿತ್ರವನ್ನು ನಿರ್ದೇಶಿಸಿದರು. ಪರಿಸರ ಸಂರಕ್ಷಣೆಯ ವಿಷಯದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರ ಪ್ರಶಸ್ತಿ ದೊರೆಯಿತು. ಚಿತ್ರಮಂದಿರಗಳಿಗಿಂತ ಹೆಚ್ಚಾಗಿ ಅದು ದೂರದರ್ಶನದ ಮೂಲಕ ಜನರನ್ನು ಮುಟ್ಟಿತು.

ಮೂಲ ಕಥೆಯ ಸಾರವಿಷ್ಟು. ಬಡ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟವನ್ನು ಕಂಡ ಕಿರಿಯವಳು ತಾನು ಹೂವಿನ ಮರವಾಗುವೆನೆಂದೂ, ಹೂವನ್ನು ಮಾರಿ ಸಂಸಾರ ಸಾಗಿಸಬಹುದೆಂದೂ ಅಕ್ಕನಿಗೆ ಹೇಳುತ್ತಾಳೆ. ಎರಡು ಕೊಡ ನೀರು ತರಬೇಕು. ಉಗುರು ನೀರಿಗೆ ತಾಗಬಾರದು. ಒಂದು ಕೊಡ ಸುರಿದರೆ ಅವಳು ಮರವಾಗುತ್ತಾಳೆ. ಚಿಗುರು ಮುರಿಯದೆ, ಎಲೆ ಹರಿಯದೆ ಹೂವನ್ನು ಮಾತ್ರ ಬಿಡಿಸಿಕೊಳ್ಳಬೇಕು. ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಆ ಹೂವಿನ ಪರಿಮಳ ಅರಮನೆಗೆ ಮುಟ್ಟಿ, ರಾಜಕುಮಾರನು ರಹಸ್ಯವನ್ನು ತಿಳಿದು ಅವಳನ್ನು ಮದುವೆಯಾಗುತ್ತಾನೆ. ಇದನ್ನು ಅರಿತ ನಾದಿನಿ ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು, ಮರವಾಗೆಂದು ಬಲವಂತ ಮಾಡುತ್ತಾಳೆ. ಹುಡುಗಿಯರು ನೀರನ್ನು ಹೇಗೆಂದರೆ ಹಾಗೆ ಸುರಿಯುತ್ತಾರೆ. ಹೂವಿನ ಆಸೆಗೆ ಕೊಂಬೆಗಳನ್ನು ಮುರಿಯುತ್ತಾರೆ. ಮಳೆ ಗಾಳಿ ಬಂದಾಗ ಓಡಿಹೋಗುತ್ತಾರೆ. ಕೈಕಾಲುಗಳಿಲ್ಲದ ಅರೆ ಜೀವವಾಗಿ ಅವಳು ಉಳಿಯುತ್ತಾಳೆ. ಕೊನೆಗೆ ಊರೂರು ಅಲೆದ ಗಂಡನು ಅವಳನ್ನು ಗುರುತಿಸಿ, ನೀರು ಸುರಿದು ಮರವಾಗಿಸಿ, ಮುರಿದ ಕೊಂಬೆಗಳನ್ನು ನೇರಮಾಡಿ ಕಟ್ಟಿ, ಮತ್ತೆ ನೀರು ಸುರಿಯುತ್ತಾನೆ, ಅವಳು ಪೂರ್ಣಳಾಗುತ್ತಾಳೆ.

ಈ ಕಥೆಯನ್ನು ಹೇಳಿದ ಅಜ್ಜಿಯರು ತತ್ತ್ವಾರ್ಥಸೂತ್ರವನ್ನು ಓದಿದವರಲ್ಲ. ಆದರೂ ಉಮಾಸ್ವಾಮಿಗಳು ಆ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಹಿಂಸೆಗೆ ಕೊಟ್ಟ ಲಕ್ಷಣವೇ ಈ ಕಥೆಯ ಜೀವಾಳವಾಗಿರುವುದು ವಿಸ್ಮಯಕರ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರದಿಂದ ಪ್ರಾಣಕ್ಕೆ ಉಂಟಾಗುವ ಹಾನಿಯೇ ಹಿಂಸೆ ಎಂಬುದು ಆ ಲಕ್ಷಣ. ಅಲ್ಲಿ ಮುಖ್ಯವಾದ ಪದ ಪ್ರಮಾದ. ಅಕ್ಕನೂ ಅದೇ ಮರವನ್ನು ಮುಟ್ಟಿದಳು, ಅದೇ ಹೂವನ್ನು ಬಿಡಿಸಿದಳು. ನಾದಿನಿಯ ಗೆಳತಿಯರೂ ಅದನ್ನೇ ಮಾಡಿದರು. ಕ್ರಿಯೆ ಒಂದೇ, ಭೇದವಿರುವುದು ಯತ್ನಾಚಾರದಲ್ಲಿ. ಒಬ್ಬಳ ಕೈಯಲ್ಲಿ ಎಚ್ಚರವಿತ್ತು, ಉಳಿದವರ ಕೈಯಲ್ಲಿ ಆತುರವಿತ್ತು. ವನಸ್ಪತಿಯು ಏಕೇಂದ್ರಿಯ ಜೀವವೆಂದು ಜೈನ ಸಿದ್ಧಾಂತವು ಸಾರಿಕೊಂಡು ಬಂದಿದೆ. ಅದನ್ನು ಬಾಲಕನಿಗೆ ತರ್ಕದಿಂದ ಒಪ್ಪಿಸುವುದು ಕಷ್ಟ. ಮರದ ಕೊಂಬೆ ಮುರಿದರೆ ಹುಡುಗಿಯ ಕೈ ಮುರಿಯುತ್ತದೆ ಎಂದು ಕಥೆ ಹೇಳಿದರೆ ತರ್ಕವೇ ಬೇಕಾಗುವುದಿಲ್ಲ.

ಇದೇ ತತ್ತ್ವವನ್ನು ಜೈನ ಪರಂಪರೆ ಇನ್ನೊಂದು ಮರದ ಮೂಲಕ ತೋರಿಸಿದೆ. ಹಸಿದ ಆರು ಮಂದಿ ಹಣ್ಣು ತುಂಬಿದ ನೇರಳೆ ಮರವೊಂದನ್ನು ಕಾಣುತ್ತಾರೆ. ಒಬ್ಬನು ಬುಡಸಹಿತ ಕಡಿಯೋಣವೆನ್ನುತ್ತಾನೆ. ಎರಡನೆಯವನು ಹಿರಿಯ ಕೊಂಬೆ ಸಾಕೆನ್ನುತ್ತಾನೆ. ಮೂರನೆಯವನು ಕಿರುಕೊಂಬೆ ಸಾಕೆನ್ನುತ್ತಾನೆ. ನಾಲ್ಕನೆಯವನಿಗೆ ಗೊಂಚಲು ಸಾಕು. ಐದನೆಯವನಿಗೆ ಮಾಗಿದ ಹಣ್ಣು ಮಾತ್ರ ಸಾಕು. ಆರನೆಯವನು ನೆಲಕ್ಕೆ ಬಿದ್ದುದನ್ನೇ ಆರಿಸಿ ತಿನ್ನುತ್ತಾನೆ. ಕೃಷ್ಣದಿಂದ ಶುಕ್ಲದವರೆಗಿನ ಷಡ್ಲೇಶ್ಯೆಗಳ ಈ ದೃಷ್ಟಾಂತವು ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೆ ಚಿತ್ರಿತವಾಗಿರುವುದನ್ನು ಯಾತ್ರಿಕರು ಬಲ್ಲರು. ಹೂವಿನ ಮರದ ಕಥೆಯನ್ನು ಈ ಚಿತ್ರದ ಪಕ್ಕದಲ್ಲಿ ಇಟ್ಟು ನೋಡಿದರೆ, ಅಕ್ಕನಿಂದ ನಾದಿನಿಯವರೆಗೆ ಎಲ್ಲ ಪಾತ್ರಗಳೂ ಒಂದೊಂದು ಲೇಶ್ಯೆಯ ಬಣ್ಣದಲ್ಲಿ ಕಾಣುತ್ತವೆ.

ಕಾರ್ನಾಡರ ಚಿತ್ರವು ಈ ಕಥೆಯನ್ನು ಎಲ್ಲಿ ಕತ್ತಲೆಗೆ ತಿರುಗಿಸಿತು? ಅರಮನೆಯ ಸ್ಥಾನದಲ್ಲಿ ಊರಿನ ಮುಖ್ಯಸ್ಥನ ಮನೆ ಬಂದಿತು. ರಾಜಕುಮಾರನ ಸ್ಥಾನದಲ್ಲಿ ಆ ಮನೆಯ ಮಗ ಬಂದನು. ಇವು ಹೊರಗಿನ ಬದಲಾವಣೆಗಳು. ನಿಜವಾದ ಬದಲಾವಣೆಯಿರುವುದು ಅಂತ್ಯದಲ್ಲಿ. ಚಿತ್ರದಲ್ಲಿ ಚೆಲುವಿ ಗುಣಹೊಂದುವುದಿಲ್ಲ. ಮುರಿದ ಕೊಂಬೆಗಳು ಮತ್ತೆ ಕೂಡಿಕೊಳ್ಳಬಹುದೆಂಬ ಆಸೆಯನ್ನು ತೋರಿಸಿದ ಚಿತ್ರವೇ ಆ ಆಸೆಯನ್ನು ಈಡೇರಿಸದೆ ಮುಗಿಯುತ್ತದೆ. ಕಾಡನ್ನು ಕಡಿಯುವ ಮನುಷ್ಯನ ದುರಾಸೆಯ ಎದುರಿನಲ್ಲಿ ಒಬ್ಬ ಗಂಡನ ಪ್ರೀತಿ ಸಾಲದೆ ಹೋಗುತ್ತದೆ. ಅಜ್ಜಿಯ ಕಥೆಯನ್ನು ಕೇಳಿ ಸುಖಾಂತ್ಯವನ್ನು ನಿರೀಕ್ಷಿಸಿ ಕುಳಿತ ಮಗುವಿಗೆ ಇದು ದೊಡ್ಡ ಆಘಾತ.

ಆದರೆ ತೀರ್ಪು ಕೊಡುವ ಮೊದಲು ಮೂಲ ಕಥೆಯ ಅಂತ್ಯವನ್ನು ಪೂರ್ಣವಾಗಿ ನೋಡಬೇಕು. ರಾಮಾನುಜನ್ ಸಂಗ್ರಹಿಸಿದ ರೂಪದಲ್ಲಿ, ಸೊಸೆ ಗುಣವಾಗಿ ಮನೆಗೆ ಬಂದ ಮೇಲೆ ರಾಜನು ನಡೆದುದನ್ನೆಲ್ಲ ಕೇಳಿ, ಕುದಿಯುವ ಸುಣ್ಣವನ್ನು ಹೊಂಡದಲ್ಲಿ ತುಂಬಿಸಿ, ತನ್ನ ಕಿರಿಯ ಮಗಳನ್ನು ಅದರೊಳಗೆ ನೂಕಿಸುತ್ತಾನೆ. ತಪ್ಪಿಗೆ ತಕ್ಕ ಶಿಕ್ಷೆಯಾಯಿತೆಂದು ಜನರು ಅಂದುಕೊಳ್ಳುತ್ತಾರೆ. ಒಂದು ಮರದ ಕೊಂಬೆಗಾಗಿ ಕಣ್ಣೀರು ಸುರಿಸಿದ ಕಥೆಯು ಪಂಚೇಂದ್ರಿಯ ಜೀವವಾದ ಬಾಲಿಕೆಯೊಬ್ಬಳನ್ನು ಸುಡುವ ಹೊತ್ತಿಗೆ ಕಣ್ಣೀರು ಸುರಿಸುವುದಿಲ್ಲ. ಅಹಿಂಸೆಯ ದೃಷ್ಟಿಯಿಂದ ಮೂಲ ಕಥೆಯಲ್ಲಿರುವ ಕೊರತೆ ಇದೇ. ಕರ್ಮಫಲವು ತಾನಾಗಿ ಒದಗುವುದು ಬೇರೆ. ಕ್ರೋಧದಿಂದ ಅದನ್ನು ಒದಗಿಸುವುದು ಬೇರೆ. ಮೊದಲನೆಯದು ಕೇಳುವವನಲ್ಲಿ ಸಂವೇಗವನ್ನು ಹುಟ್ಟಿಸುತ್ತದೆ, ಎರಡನೆಯದು ದ್ವೇಷವನ್ನು ತಣಿಸುವ ಸುಖವನ್ನು ಕೊಡುತ್ತದೆ. ಚಿತ್ರದಲ್ಲಿ ಸುಣ್ಣದ ಹೊಂಡವಿಲ್ಲ. ಹೆಚ್ಚು ಕತ್ತಲೆಯದೆಂದು ಕಾಣುವ ಕಥಾಂತರವೇ ಈ ಒಂದು ವಿಷಯದಲ್ಲಿ ಹೆಚ್ಚು ಅಹಿಂಸಕವಾಗಿದೆ ಎಂಬುದನ್ನು ಒಪ್ಪಬೇಕಾಗುತ್ತದೆ. ಕತ್ತಲೆಯೆಲ್ಲ ಪಾಪವೂ ಅಲ್ಲ, ಸುಖಾಂತ್ಯವೆಲ್ಲ ಪುಣ್ಯವೂ ಅಲ್ಲ.

ಹಾಗಾದರೆ ಕತ್ತಲೆಯನ್ನು ಅಳೆಯುವ ಮಾನದಂಡ ಯಾವುದು? ಅದಕ್ಕೆ ಕನ್ನಡ ಜೈನ ಸಾಹಿತ್ಯದಲ್ಲಿಯೇ ಉತ್ತರವಿದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು, ಜೀವಂತ ಪ್ರಾಣಿಯನ್ನು ಕೊಲ್ಲಲಾರೆನೆಂದು, ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಹಿಟ್ಟಿನ ಕೋಳಿಗೆ ಪ್ರಾಣವಿಲ್ಲ, ರಕ್ತವಿಲ್ಲ. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ಪ್ರಾಣಿಗಳಾಗಿ ಭವಭವಗಳಲ್ಲಿ ತೊಳಲುತ್ತಾರೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಭಾವ ನಿಜವಾಗಿತ್ತು. ಸ್ವತಃ ಕಾರ್ನಾಡರೇ ಈ ಕಥೆಯನ್ನು 1980ರಲ್ಲಿ 'ಹಿಟ್ಟಿನ ಹುಂಜ' ಎಂಬ ನಾಟಕವಾಗಿ ಬರೆದರು ಎಂಬುದು ಇಲ್ಲಿ ಸ್ಮರಣೀಯ.

ಪರದೆಯ ಮೇಲಿನ ಹಿಂಸೆಯೂ ಹಿಟ್ಟಿನ ಕೋಳಿಯೇ. ಅಲ್ಲಿ ಯಾರೂ ಸತ್ತಿರುವುದಿಲ್ಲ. ಹರಿದದ್ದು ಬಣ್ಣದ ನೀರು. ನಟನು ಎದ್ದು ಮನೆಗೆ ಹೋಗಿರುತ್ತಾನೆ. 'ಇದೆಲ್ಲ ಬರೀ ಕಥೆ ತಾನೆ, ನೋಡಿದರೇನು ತಪ್ಪು?' ಎಂದು ಮನೆಮಕ್ಕಳು ಕೇಳುವ ಪ್ರಶ್ನೆಗೆ ಯಶೋಧರನ ಚರಿತ್ರೆಯೇ ಉತ್ತರ. ಪ್ರಶ್ನೆ ಪರದೆಯ ಮೇಲೆ ಏನು ನಡೆಯಿತೆಂಬುದಲ್ಲ, ನೋಡುವವನ ಮನಸ್ಸಿನಲ್ಲಿ ಏನು ನಡೆಯಿತೆಂಬುದು. ಪೆಟ್ಟನ್ನು ಕಂಡು ಮನಸ್ಸು ಕರಗಿದರೆ ಅದು ಅನುಕಂಪೆ. ಪೆಟ್ಟನ್ನು ಕಂಡು ಮನಸ್ಸು ಹಿಗ್ಗಿದರೆ, ಇನ್ನೊಂದು ಪೆಟ್ಟು ಬೀಳಲೆಂದು ಕಾದರೆ, ಅದು ಶಾಸ್ತ್ರಕಾರರು ಹೇಳಿದ ಹಿಂಸಾನಂದವೆಂಬ ರೌದ್ರಧ್ಯಾನ. ಒಂದೇ ದೃಶ್ಯವು ಎರಡನ್ನೂ ಹುಟ್ಟಿಸಬಲ್ಲುದು. ಯಾವುದನ್ನು ಹುಟ್ಟಿಸುವಂತೆ ಕಥೆಯನ್ನು ಕಟ್ಟಲಾಗಿದೆ ಎಂಬುದನ್ನು ನೋಡುವುದೇ ವಿಮರ್ಶೆಯ ಕೆಲಸ.

ಈ ಮಾನದಂಡವನ್ನು ಹಿಡಿದು ಹೊರಗಿನ ಒಂದು ಉದಾಹರಣೆಯನ್ನು ನೋಡಬಹುದು. ಅಮೆರಿಕದ ಎಲ್. ಫ್ರಾಂಕ್ ಬಾಮ್ ಎಂಬ ಲೇಖಕನು 1900ರಲ್ಲಿ ಓಜ್ ಎಂಬ ಮಾಯಾನಾಡಿನ ಕಥೆಯನ್ನು ಪ್ರಕಟಿಸಿದನು. ಹಳೆಯ ಕಥೆಗಳಲ್ಲಿದ್ದ ಎದೆನೋವನ್ನೂ ದುಃಸ್ವಪ್ನವನ್ನೂ ಬಿಟ್ಟು, ಬೆರಗನ್ನೂ ಸಂತೋಷವನ್ನೂ ಮಾತ್ರ ಉಳಿಸಿಕೊಳ್ಳುವುದು ತನ್ನ ಉದ್ದೇಶವೆಂದು ಅವನು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಆ ಮಾತನ್ನು ಅವನು ಪೂರ್ತಿ ಉಳಿಸಿಕೊಳ್ಳಲಿಲ್ಲ. ಅವನ ಪುಸ್ತಕದಲ್ಲಿಯೂ ತೋಳಗಳ ತಲೆ ಉರುಳುತ್ತವೆ. ಆದರೂ ಅಲ್ಲಿ ಶ್ರಾವಕರು ಮೆಚ್ಚಲೇಬೇಕಾದ ಒಂದು ಪ್ರಸಂಗವಿದೆ. ತಗಡಿನ ಮನುಷ್ಯನೊಬ್ಬನು ದಾರಿಯಲ್ಲಿ ನಡೆಯುವಾಗ ಅರಿಯದೆ ಜೀರುಂಡೆಯೊಂದನ್ನು ತುಳಿದುಬಿಡುತ್ತಾನೆ. ದುಃಖದಿಂದ ಅತ್ತು, ಕಣ್ಣೀರಿನಿಂದಲೇ ಅವನ ದವಡೆ ತುಕ್ಕು ಹಿಡಿಯುತ್ತದೆ. ಅಂದಿನಿಂದ ಅವನು ನೆಲವನ್ನು ನೋಡುತ್ತ, ಇರುವೆಯನ್ನೂ ದಾಟಿ ನಡೆಯುತ್ತಾನೆ. ಇದು ಈರ್ಯಾಸಮಿತಿಯಲ್ಲದೆ ಮತ್ತೇನು? ಆ ದೇಶದ ಮಕ್ಕಳ ಪುಸ್ತಕದಲ್ಲಿ ಈ ಸಂಗತಿ ಇರುವುದು ಅಹಿಂಸೆಯ ಬೀಜವು ಯಾವ ನೆಲದಲ್ಲಿಯೂ ಮೊಳೆಯಬಲ್ಲುದೆಂಬುದಕ್ಕೆ ಸಾಕ್ಷಿ.

ಇದೇ ಕಥೆಯನ್ನು 2017ರಲ್ಲಿ ಎನ್‌ಬಿಸಿ ಎಂಬ ಅಮೆರಿಕದ ವಾಹಿನಿಯು 'ಎಮರಾಲ್ಡ್ ಸಿಟಿ' ಎಂಬ ಹತ್ತು ಕಂತುಗಳ ಸರಣಿಯಾಗಿ ಪ್ರಸಾರ ಮಾಡಿತು. ಎಲ್ಲ ಕಂತುಗಳನ್ನೂ ನಿರ್ದೇಶಿಸಿದವರು ಭಾರತೀಯ ಮೂಲದ ತರ್ಸೆಮ್ ಸಿಂಗ್. ದೃಶ್ಯವೈಭವದಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ಪುಸ್ತಕದಲ್ಲಿ ಪುಟ್ಟ ಹುಡುಗಿಯ ಮನೆಯು ಬಿರುಗಾಳಿಗೆ ಹಾರಿ ಬಂದು, ಅವಳ ಅರಿವಿಲ್ಲದೆ ಮಾಟಗಾತಿಯೊಬ್ಬಳ ಮೇಲೆ ಬೀಳುತ್ತದೆ. ಸರಣಿಯಲ್ಲಿ ಆ ಹುಡುಗಿ ಯುವತಿಯಾಗಿದ್ದಾಳೆ; ಬಂದೂಕಿನ ಬಳಕೆಯನ್ನರಿಯದ ಮಾಟಗಾತಿಯು ತನ್ನ ತಲೆಗೆ ತಾನೇ ಗುಂಡು ಹೊಡೆದುಕೊಳ್ಳುವಂತೆ ಅವಳೇ ಉಪಾಯ ಮಾಡುತ್ತಾಳೆ. ಅರಿಯದೆ ಆದುದನ್ನು ಅರಿತು ಮಾಡಿದುದನ್ನಾಗಿ ಬದಲಿಸಲಾಗಿದೆ. ನೋಡುವವನು ಆ ಉಪಾಯವನ್ನು ಮೆಚ್ಚಬೇಕೆಂದು ದೃಶ್ಯವನ್ನು ಕಟ್ಟಲಾಗಿದೆ. ಇಲ್ಲಿ ಕತ್ತಲೆಯು ಯಾವ ಸತ್ಯವನ್ನೂ ಬೆಳಗಿಸುವುದಿಲ್ಲ. ಅದು ಕೇವಲ ಅಲಂಕಾರ. ಒಂದೇ ಋತುವಿಗೆ ಸರಣಿ ನಿಂತುಹೋಯಿತು.

ಭಾರತದಲ್ಲಿಯೂ ಇದೇ ಬಗೆಯ ಪ್ರಸಂಗವಿದೆ. ವಿಕ್ರಮ ಬೇತಾಳರ ಕಥೆಗಳನ್ನು ಚಂದಮಾಮದ ಪುಟಗಳಲ್ಲಿ ಓದದ ಹಿರಿಯರು ವಿರಳ. 1980ರ ದಶಕದಲ್ಲಿ ರಾಮಾನಂದ ಸಾಗರರ ಧಾರಾವಾಹಿಯಾಗಿ ಅವು ದೂರದರ್ಶನಕ್ಕೂ ಬಂದವು. ಅಲ್ಲಿ ಸ್ಮಶಾನವಿದೆ, ಹೆಣವಿದೆ, ನಡುರಾತ್ರಿಯಿದೆ. ಆದರೂ ಯಾವ ತಾಯಿಯೂ ಆ ಕಥೆಗಳನ್ನು ಮಕ್ಕಳಿಂದ ಬಚ್ಚಿಡಲಿಲ್ಲ. ಕಾರಣವೇನೆಂದರೆ, ಪ್ರತಿಯೊಂದು ಕಥೆಯ ಕೊನೆಗೆ ಬೇತಾಳನು ಒಂದು ಧರ್ಮಪ್ರಶ್ನೆಯನ್ನು ಕೇಳುತ್ತಾನೆ. ಹೆದರಿದ ಮಗುವು ಆ ಪ್ರಶ್ನೆಯ ಬಲದಿಂದ ಯೋಚಿಸುವ ಮಗುವಾಗುತ್ತದೆ. 2020ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಬೇತಾಲ್' ಎಂಬ ನಾಲ್ಕು ಕಂತುಗಳ ಸರಣಿ ಬಂದಿತು. ಹೆದ್ದಾರಿಗಾಗಿ ಗಿರಿಜನರ ಹಳ್ಳಿಯನ್ನು ತೆರವುಗೊಳಿಸಲು ಬಂದವರು ಹಳೆಯ ಸುರಂಗವನ್ನು ತೆರೆದು, ಬ್ರಿಟಿಷ್ ಕಾಲದ ಸತ್ತ ಸೈನಿಕರ ಪಡೆಯನ್ನು ಎಬ್ಬಿಸುವುದು ಅದರ ವಸ್ತು. ಭೂಮಿಯನ್ನು ಕಳೆದುಕೊಳ್ಳುವವರ ನೋವು ಆರಂಭದಲ್ಲಿ ಗಂಭೀರವಾಗಿಯೇ ಕಾಣುತ್ತದೆ. ಮುಂದೆ ಗುಂಡಿನ ಸದ್ದಿನಲ್ಲಿ ಅದು ಅಡಗಿಹೋಗುತ್ತದೆ. ಬೇತಾಳನ ಹೆಸರು ಉಳಿಯಿತು. ಬೇತಾಳನ ಪ್ರಶ್ನೆ ಉಳಿಯಲಿಲ್ಲ. ಪ್ರಶ್ನೆಯಿಲ್ಲದ ಬೇತಾಳನು ಬರೀ ಹೆಣ.

ಇಲ್ಲಿ ಒಂದು ಆಕ್ಷೇಪಣೆ ಸಹಜವಾಗಿ ಏಳುತ್ತದೆ. ಜೈನರ ಕಥೆಗಳಲ್ಲಿ ಭೀಕರತೆ ಇಲ್ಲವೆ? ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯನ್ನು ನೆನೆಯಬಹುದು. ಅತ್ಯಂತ ಸುಕುಮಾರನಾಗಿ ಬೆಳೆದ ಶ್ರೇಷ್ಠಿಪುತ್ರನು ಮುನಿಯಾಗಿ ಧ್ಯಾನದಲ್ಲಿ ನಿಂತಾಗ, ಹಿಂದಿನ ಜನ್ಮದ ವೈರದಿಂದ ನರಿಯೊಂದು ಮರಿಗಳೊಡನೆ ಬಂದು ಮೂರು ರಾತ್ರಿ ಅವನ ದೇಹವನ್ನು ಕಾಲಿನಿಂದ ತಿನ್ನುತ್ತ ಬರುತ್ತದೆ. ಯಾವ ದೂರದರ್ಶನದ ದೃಶ್ಯಕ್ಕೂ ಇದು ಕಡಿಮೆಯಿಲ್ಲ. ಆದರೆ ಆ ಕಥೆಯನ್ನು ಓದಿದವನ ಕಣ್ಣು ನರಿಯ ಹಲ್ಲಿನ ಮೇಲೆ ನಿಲ್ಲುವುದಿಲ್ಲ, ಮುನಿಯ ಕ್ಷಮೆಯ ಮೇಲೆ ನಿಲ್ಲುತ್ತದೆ. ನರಿಯ ಮೇಲೆಯೂ ದ್ವೇಷ ಹುಟ್ಟುವುದಿಲ್ಲ. ವೈರವು ಜೀವವನ್ನು ಎಲ್ಲಿಯವರೆಗೆ ಎಳೆಯುತ್ತದೆಂಬ ಭಯ ಹುಟ್ಟುತ್ತದೆ. ಹಳೆಯ ಕಥೆಯನ್ನು ಹೊಸದಾಗಿ ಹೇಳುವುದೂ ದೋಷವಲ್ಲ. ಜನ್ನನು ವಾದಿರಾಜನ ಸಂಸ್ಕೃತ ಕಾವ್ಯವನ್ನು ಕನ್ನಡದಲ್ಲಿ ಮತ್ತೆ ಹೇಳಿದನು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಗೆ ಸೇರಿದ ದೇವಚಂದ್ರನು 19ನೆಯ ಶತಮಾನದಲ್ಲಿ ಪರಂಪರೆಯ ಕಥೆಗಳನ್ನೆಲ್ಲ ಕೂಡಿಸಿ ತನ್ನ ಕಾಲದವರಿಗೆಂದು ರಾಜಾವಳೀ ಕಥೆಯನ್ನು ಬರೆದನು. ಪುನರ್ಕಥನವು ಪರಂಪರೆಯ ಉಸಿರು. ಅದು ಕೇಳುವವನನ್ನು ಯಾವ ಕಡೆಗೆ ಕರೆದೊಯ್ಯುತ್ತದೆಂಬುದೇ ಪ್ರಶ್ನೆ.

ಈ ವಿವೇಚನೆಯಿಂದ ಮೂರು ಪರೀಕ್ಷೆಗಳು ಹೊರಡುತ್ತವೆ. ಕಥೆಯು ನೊಂದವರ ಪಕ್ಕದಲ್ಲಿ ನಿಲ್ಲಿಸುತ್ತದೆಯೆ, ನೋಯಿಸುವವರ ಪಕ್ಕದಲ್ಲಿ ನಿಲ್ಲಿಸುತ್ತದೆಯೆ ಎಂಬುದು ಮೊದಲನೆಯದು. ಮಾಡಿದುದಕ್ಕೆ ಫಲವುಂಟೆಂಬುದನ್ನು ಕಥೆ ಮರೆಸದೆ ಇದೆಯೆ ಎಂಬುದು ಎರಡನೆಯದು. ನೋಡಿ ಮುಗಿಸಿದವನ ಮನಸ್ಸಿನಲ್ಲಿ ಒಂದು ಪ್ರಶ್ನೆಯಾದರೂ ಉಳಿಯುತ್ತದೆಯೆ ಎಂಬುದು ಮೂರನೆಯದು. ಎಮರಾಲ್ಡ್ ಸಿಟಿಯ ಮಾಟಗಾತಿಯ ವಧೆ ಮೊದಲನೆಯದರಲ್ಲೇ ಸೋಲುತ್ತದೆ. ಬೇತಾಲ್ ಮೂರನೆಯದರಲ್ಲಿ ಸೋಲುತ್ತದೆ. ಚೆಲುವಿಯ ಚಿತ್ರ ಮೂರರಲ್ಲಿಯೂ ಗೆಲ್ಲುತ್ತದೆ.

ಗೆದ್ದರೂ ಅದರಲ್ಲಿ ಒಂದು ಕೊರತೆಯನ್ನು ಹೇಳದೆ ಇರಲಾಗದು. ಜೈನ ಧರ್ಮದಲ್ಲಿ ತಪ್ಪಿಗೆ ಪ್ರತಿಕ್ರಮಣವಿದೆ, ಆಲೋಚನೆಯಿದೆ, ಪ್ರಾಯಶ್ಚಿತ್ತವಿದೆ. ಹಿಂದಿರುಗುವ ದಾರಿ ಯಾವ ಜೀವಕ್ಕೂ ಮುಚ್ಚಿಲ್ಲ. ಜನಪದ ಕಥೆಯ ಗಂಡನು ಮುರಿದ ಕೊಂಬೆಯನ್ನು ಒಂದೊಂದಾಗಿ ನೇರಮಾಡಿ ಕಟ್ಟುವ ದೃಶ್ಯವು ಪ್ರಾಯಶ್ಚಿತ್ತದ ಅತಿ ಸುಂದರವಾದ ಪ್ರತಿಮೆ. ತಪ್ಪು ಮಾಡಿದವನು ಅವನಲ್ಲ. ಆದರೂ ತಿದ್ದುವ ಹೊಣೆಯನ್ನು ಅವನು ಹೊರುತ್ತಾನೆ. ಚಿತ್ರವು ಸುಣ್ಣದ ಹೊಂಡವನ್ನು ಬಿಟ್ಟು ಉಪಕಾರ ಮಾಡಿತು. ಅದರೊಡನೆ ಕೊಂಬೆ ಕಟ್ಟುವ ಕೈಯನ್ನೂ ಬಿಟ್ಟಿತು. ದೊಡ್ಡವರು ಈ ಅಂತ್ಯವನ್ನು ಎಚ್ಚರಿಕೆಯೆಂದು ತಿಳಿಯುತ್ತಾರೆ. ಮಗುವು ಇನ್ನೇನೂ ಮಾಡಲಾಗದೆಂದು ತಿಳಿದುಬಿಡಬಹುದು. ಆದುದರಿಂದ ಈ ಚಿತ್ರವನ್ನು ಮಕ್ಕಳು ಹಿರಿಯರೊಡನೆ ನೋಡುವುದೂ, ಮೊದಲು ಅಜ್ಜಿಯ ಕಥೆಯನ್ನು ಕೇಳಿ ಅನಂತರ ನೋಡುವುದೂ ಯುಕ್ತ. ಎರಡು ಅಂತ್ಯಗಳಲ್ಲಿ ಯಾವುದು ನಿಜವಾಗಬೇಕೆಂದು ಮಗುವನ್ನೇ ಕೇಳಿದರೆ ಬೇತಾಳನ ಕೆಲಸವನ್ನು ಹಿರಿಯರು ಮಾಡಿದಂತಾಗುತ್ತದೆ.

ಹಾಗೆಂದು ಚಿತ್ರದ ಅಂತ್ಯವನ್ನು ಸುಳ್ಳೆನ್ನುವಂತಿಲ್ಲ. ಚಾಮರಾಜನಗರ ಜಿಲ್ಲೆಯ ಸುಮಾರು ಅರ್ಧ ಭಾಗ ಕಾಡು. ಇಲ್ಲಿಯವರಿಗೆ ಹೂವಿನ ಮರವೆಂದರೆ ಕಲ್ಪನೆಯ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ದೊಡ್ಡ ಸಂಪಿಗೆಯೆಂಬ ಪ್ರಾಚೀನ ವೃಕ್ಷವನ್ನು ದೇವರೆಂದು ಪೂಜಿಸುತ್ತಾರೆ. ಅಂತಹ ಮರವೊಂದು ಉರುಳಿದರೆ ಎರಡು ಕೊಡ ನೀರಿನಿಂದ ಅದು ಮತ್ತೆ ಏಳುವುದಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂದಾಗ ಸರಕು ಸಾಗಿಸುವ ವರ್ತಕರಿಗೆ ತೊಂದರೆಯೆನಿಸಿದ್ದು ನಿಜ. ಆದರೆ ಚಕ್ರಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳನ್ನು ಉಳಿಸಲು ಲಾರಿಯೊಂದು ಬೆಳಗಾಗುವವರೆಗೆ ನಿಲ್ಲುವುದು, ಉಗುರು ತಾಗದಂತೆ ನೀರು ತರುವ ಅಕ್ಕನ ಎಚ್ಚರಕ್ಕೆ ಸಮಾನವಲ್ಲವೆ? ಲಾಭದಲ್ಲಿ ಒಂದಂಶ ಬಿಟ್ಟು ಜೀವವನ್ನುಳಿಸುವುದನ್ನು ಮಹಾವೀರರ ಅನುಯಾಯಿಗಳು ನಷ್ಟದ ಲೆಕ್ಕಕ್ಕೆ ಬರೆಯಬಾರದು. ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವ್ಯಾಪಾರಗಳನ್ನು ಹೇಳುವಾಗ ಗಿಡಮರಗಳ ನಾಶದಿಂದ ಜೀವಿಸುವ ವನಕರ್ಮವನ್ನೂ ಸೇರಿಸಿದ್ದಾರೆ.

ಕೊನೆಯದಾಗಿ, ಬಸದಿಗಳ ಆಡಳಿತ ನಡೆಸುವವರು ಆಲೋಚಿಸಬೇಕಾದ ಮಾತೊಂದಿದೆ. ಚಾಮರಾಜನಗರದ ಸುತ್ತಮುತ್ತ ಹೂವು ಬೆಳೆಯುವ ಸಣ್ಣ ರೈತರು ಬಹಳ. ಚೆನ್ನೀಪುರದ ಮೋಳೆಯ ಮಾರುಕಟ್ಟೆಗೆ ಬೆಳಗಿನ ಜಾವದಲ್ಲಿಯೇ ಹೂವು ಬರುತ್ತದೆ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ದಾರಿಯ ಇಕ್ಕೆಲಗಳಲ್ಲಿ ಅರಳುವ ಚೆಂಡುಹೂವು ಮತ್ತು ಸೂರ್ಯಕಾಂತಿಗಳ ಹೊಲಕ್ಕೆ ಪ್ರವಾಸಿಗಳು ಇಳಿದು ಚಿತ್ರ ತೆಗೆದುಕೊಳ್ಳುವುದೂ, ಅವರಲ್ಲಿ ಕೆಲವರು ಗಿಡಗಳನ್ನು ತುಳಿದು ಹೋಗುವುದೂ ಕಾಣುವ ಸಂಗತಿ. ತುಳಿಯುವವರನ್ನು ಆಕ್ಷೇಪಿಸುವ ಮೊದಲು, ಮಹೋತ್ಸವದ ದಿನ ಮಂಟಪದ ಅಲಂಕಾರಕ್ಕೆಂದು ಹೊರೆಗಟ್ಟಲೆ ಹೂವನ್ನೂ ಹಸಿರು ಕೊಂಬೆಗಳನ್ನೂ ತರಿಸಿ, ಮರುದಿನ ಅದನ್ನೆಲ್ಲ ಬಸದಿಯ ಹಿಂದೆ ರಾಶಿ ಹಾಕುವ ಪದ್ಧತಿಯನ್ನು ಪ್ರಶ್ನಿಸಿಕೊಳ್ಳುವುದು ಒಳ್ಳೆಯದು. ಪೂಜೆಯಲ್ಲಿ ಪುಷ್ಪವನ್ನು ಬಳಸುವ ಆಮ್ನಾಯವೂ ಇದೆ, ಸಚಿತ್ತವೆಂದು ಬಳಸದ ಆಮ್ನಾಯವೂ ಇದೆ. ಆ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಬಳಸುವವರೂ ಎಷ್ಟು, ಹೇಗೆ, ಯಾವ ಕೈಯಿಂದ ಎಂದು ಕೇಳಿಕೊಳ್ಳಬಹುದು. ರೈತನಿಗೆ ನ್ಯಾಯವಾದ ಬೆಲೆ ಸಲ್ಲಬೇಕು. ಗಿಡಕ್ಕೆ ನ್ಯಾಯವಾದ ಮಿತಿ ಸಲ್ಲಬೇಕು. ಪಾಠಶಾಲೆಯ ಮಕ್ಕಳಿಗೆ ಬಸದಿಯ ತೋಟದಲ್ಲಿ ಹೂವು ಬಿಡಿಸುವ ಕೆಲಸವನ್ನು ಒಪ್ಪಿಸಿ, ಎಲೆ ಹರಿಯದಂತೆ ಬಿಡಿಸುವುದನ್ನು ಕಲಿಸಿ, ಆ ಹೊತ್ತಿನಲ್ಲಿ ಈ ಕಥೆಯನ್ನು ಹೇಳಿದರೆ ಷಡ್ಲೇಶ್ಯೆಯ ಪಾಠ ಪುಸ್ತಕವಿಲ್ಲದೆಯೇ ಮುಗಿಯುತ್ತದೆ.

ಅನಂತರ ಆ ಮಕ್ಕಳು ಯಾವ ಪರದೆಯ ಮುಂದೆ ಕುಳಿತರೂ ಹೆದರಬೇಕಾಗಿಲ್ಲ. ಹಿಟ್ಟಿನ ಕೋಳಿಯ ಮೇಲೆ ಕತ್ತಿ ಎತ್ತಿದಾಗ ಅವರ ಕೈ ತಾನಾಗಿ ಹಿಂದೆ ಸರಿಯುತ್ತದೆ. ಹೂವಿನ ಮರದ ಕೊಂಬೆ ಮುರಿದಾಗ ಅವರ ಕೈ ತಾನಾಗಿ ಮುಂದೆ ಚಾಚುತ್ತದೆ.